ಬರ್ತೀನಿ ಅಂದದ್ದು

ಮಾರ್ಚ್ 4, ಸಂಜೆ

ಇವತ್ತೂ ಬೆಡ್‌ಶೀಟ್. ಮಡಿಸಿದ್ದೇ ಮಡಿಸಿದ್ದು. ಲಾಂಡ್ರಿಯ ಸೂಪರ್‌ವೈಸರಮ್ಮನಿಗೆ ಮೂಲೆಗೆ ಮೂಲೆ ಕೂಡಬೇಕು, ಇಲ್ಲದಿದ್ದರೆ ಕೊಡವಿ ಮತ್ತೆ ಕೈಗೇ ಕೊಡುತ್ತಾಳೆ. ಸೊಂಟ ಬಿದ್ದುಹೋಗಿದೆ. ನಿರಾಶ್ರಿತರ ಶಿಬಿರದ ರೂಮಿಗೆ ಬಂದರೆ ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. ಈರುಳ್ಳಿ ಹುರಿದದ್ದಕ್ಕೆ ಅಡುಗೆಕೋಣೆಯ ಬೆಂಕಿ ಅಲಾರಂ ಹೊಡೆದುಕೊಂಡಿತಂತೆ.

"ಈರುಳ್ಳಿಗೆಲ್ಲಾ ಬಡ್ಕೊಳ್ಳತ್ತೆ ಇದು. ನಮ್ಮ ಬೀದಿಗೆ ಬೆಂಕಿ ಬಿದ್ದಾಗ ಒಂದಾದ್ರೂ ಬಡ್ಕೊಳ್ತಾ?"

ನಕ್ಕೆವು. ಆಮೇಲೆ ಯಾರಿಗೂ ನಗು ಬರಲಿಲ್ಲ.

ಮಾರ್ಚ್ 9

ಈ ದೇಶದಲ್ಲಿ ಆಶ್ರಯ ಕೇಳಿದ್ದ ಅರ್ಜಿ ವಜಾ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ. ವಿಚಾರಣೆಯ ದಿನ ಆಫೀಸರ್ ಕೇಳಿದ್ದ — ಅಲ್ಲೇ ಉಳಿದ ನಿಮ್ಮ ಅಕ್ಕನಿಗೆ ಹೊರಡುವಾಗ ಏನು ಹೇಳಿದಿರಿ? 'ಬರ್ತೀನಿ' ಅಂದೆ, ಅಂದಿದ್ದೆ. ಬಾಗಿಲಲ್ಲಿ ನಿಂತು ಮತ್ತೇನು ಹೇಳುತ್ತಾರೆ? ದುಭಾಷಿ ಮಹಾರಾಯ ಅದನ್ನು 'ವಾಪಸ್ ಬರುತ್ತೇನೆ' ಮಾಡಿದ. ವಾಪಸ್ ಹೋಗುವ ಮನಸ್ಸಿರುವವಳಿಗೆ ಅಲ್ಲಿ ಜೀವಭಯ ಎಲ್ಲಿಂದ ಬಂತು, ಅಂತ ಆಫೀಸಿನವರ ವಾದ. ಮೇಲ್ಮನವಿಯೂ ಸೋತರೆ ವಿಮಾನ ಹತ್ತಿಸುತ್ತಾರೆ. ಮತ್ತೆ ಆ ಶೆಲ್ ಬೀಳುವ ಊರಿಗೇ...

ಮಾರ್ಚ್ 10

ಮನೆಯಲ್ಲಿ ಹೊಸ ಕಾನೂನು. ಮಾಡಿದವರು ನಮ್ಮ ಯಜಮಾನರು.

"ಇನ್ಮೇಲೆ ಯಾರೂ ಬರ್ತೀನಿ ಅನ್ನೋ ಹಾಗಿಲ್ಲ. ಬಾಯಿಗೆ ರೂಢಿ ಆಗ್ಲಿ."

ಮಗಳಿಗೆ ಆಟ. ಬ್ಯಾಗು ಹೆಗಲಿಗೇರಿಸಿ, "ಅಮ್ಮಾ, ನಾ ಹೋಗ್ತೀನಿ!" ಎಂದು ಕೂಗಿ ಸ್ಕೂಲಿಗೆ ಓಡಿದಳು. ಅತ್ತೆ ಬರಿಗಾಲಲ್ಲೇ ಕಾರಿಡಾರಿಗೆ ನುಗ್ಗಿ ಜಡೆ ಹಿಡಿದರು.

"ಬಿಡ್ತು ಅನ್ನೇ! ಹೋಗ್ತೀನಿ ಅಂತಾರಾ ಯಾರಾದ್ರೂ? ಇನ್ನು ಬರೋದೇ ಇಲ್ವಾ ನೀನು?"

"ಬಿಡ್ತು ಅಜ್ಜಿ, ಬಿಡ್ತು!"

ಕಾನೂನು ತಿಂಡಿಗೆ ಮೊದಲೇ ರದ್ದಾಯಿತು.

ಏಪ್ರಿಲ್ 22

ಇಷ್ಟು ದಿನ ಬರೆಯುವುದಕ್ಕೆ ಕೈಯೇ ಏಳಲಿಲ್ಲ. ಇವತ್ತು ಮೇಲ್ಮನವಿ. ವಕೀಲಮ್ಮ ಹೇಳಿಕೊಟ್ಟ ಹಾಗೇ ಹೇಳಿದೆ — ನಮ್ಮಲ್ಲಿ ಹೊರಡುವವರೆಲ್ಲ ಹಾಗೇ ಅನ್ನುವುದು, ಪಕ್ಕದ ಅಂಗಡಿಗೆ ಹೋದರೂ ಅಷ್ಟೇ, ಅದು ಬರೀ ಬಾಯಿಮಾತು. ಜಡ್ಜ್ ಕನ್ನಡಕ ತೆಗೆದರು. ಹಾಗಾದರೆ ವಾಪಸ್ ಬರುವ ಅರ್ಥದಲ್ಲಿ ನೀವು ಹೇಳಲಿಲ್ಲ?

ಇಲ್ಲ, ಅಂದೆ.

ಸುಳ್ಳು. ಅಕ್ಕನ ಎರಡೂ ಕೈ ಹಿಡಿದು ಹೇಳಿದ್ದೆ. ಬರಬೇಕು ಅಂತಲೇ ಹೇಳಿದ್ದೆ.

ಮೇ 6

ಮಂಜೂರು! ಉಳಿಯಬಹುದು. ಅತ್ತೆ ಅತ್ತರು. ಇವರು ಗೋಡೆ ಕಡೆ ತಿರುಗಿ ನಿಂತುಬಿಟ್ಟರು. ನನಗೆ ಮಾತ್ರ ನಿದ್ದೆ ಎಳೆಯುತ್ತಿದೆ. ಸಂತೋಷ ನಾಳೆ ಪಟ್ಟರಾಯಿತು.

ಮೇ 7, ಊಟದ ಬ್ರೇಕ್

ಲಾಂಡ್ರಿಯ ಹಿಂಬಾಗಿಲಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಲೈನ್ ಸಿಕ್ಕಿತು. ದುಭಾಷಿಯಿಂದ ಹಿಡಿದು ಎಲ್ಲಾ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ಬರೀ ಬಾಯಿಮಾತು ಅಂದ್ಯಾ?"

"ಅನ್ನಲೇಬೇಕಿತ್ತು ಅಕ್ಕಾ."

"ಒಳ್ಳೇದು ಮಾಡ್ದೆ. ಮಗು ಇದೆಯಲ್ಲ." ಆಮೇಲೆ — "ನೀರಿನ ಟ್ಯಾಂಕರ್ ಬಂತು. ಕ್ಯೂ ಆಗತ್ತೆ. ಹೋಗ್ತೀನಿ ಕಣೇ."

ಹೋಗ್ತೀನಿ ಅಂದಳು. ನನ್ನ ಅಕ್ಕ.

ಬಿಡ್ತು ಅನ್ನು, ಅಂದೆ. ಅಕ್ಕಾ, ಬಿಡ್ತು ಅನ್ನು, ಅಂತ ಕೂಗಿದೆ. ಅವಳು ಆಗಲೇ ಫೋನ್ ಇಟ್ಟುಬಿಟ್ಟಿದ್ದಳು.