ನಿಮ್ಮಪ್ಪನ ಎಂಜಿನ್ ಬಿಸಿಯಾದ ಸಮಾಚಾರ

ಕ್ರಾತೆನ್, ಕೆರ್ಕೆನ್ನಾ ದ್ವೀಪ
ಮಾರ್ಚ್ ೧೧, ೧೯೮೭

ನನ್ನ ಕರುಳಿನ ಕುಡಿ ರಿದಾನಿಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯೋ ಮಗನೇ? ಕೆಮ್ಮು ಹೋಯಿತಾ? ಹೋದ ಕಾಗದದಲ್ಲಿ ನೀನು ‘ಪರವಾಗಿಲ್ಲ’ ಅಂತ ಬರೆದಿದ್ದೆ. ನಿನ್ನ ಪರವಾಗಿಲ್ಲ ನನಗೆ ಗೊತ್ತಿಲ್ಲವಾ? ಚಿಕ್ಕವನಿದ್ದಾಗ ಮೈ ಕೆಂಡದಂತೆ ಸುಡುತ್ತಿದ್ದರೂ ಇದೇ ಮಾತು ಹೇಳಿ ಸಮುದ್ರಕ್ಕೆ ಓಡಿದವನು ನೀನು. ಮಹ್ದಿಯಾ ಬಂದರಿನಲ್ಲಿ ಚಳಿಗಾಳಿ ಜಾಸ್ತಿಯಂತೆ. ನಾನು ಹೆಣೆದ ಉಣ್ಣೆ ಅಂಗಿ ಹಾಕಿಕೋ, ಜೊತೆಯ ಹುಡುಗರು ನಗುತ್ತಾರೆ ಅಂತ ಪೆಟ್ಟಿಗೆಯಲ್ಲಿ ಮಡಿಸಿ ಇಡಬೇಡ. ನಿಮ್ಮ ಬೋಟಿನ ಅಡುಗೆಯವನು ಮೀನಿಗೆ ಖಾರವನ್ನೇ ಹಾಕುವುದಿಲ್ಲ ಅಂದಿದ್ದೆಯಲ್ಲ, ಒಂದು ಶೀಶೆ ಹರೀಸಾ ಖಾರ ಅರೆದು ಮೇಲೆ ಎಣ್ಣೆ ಬಿಟ್ಟು ಇಟ್ಟಿದ್ದೇನೆ. ಆ ಕಡೆ ಹೋಗುವವರು ಸಿಕ್ಕಿದ ಕೂಡಲೇ ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೋಡ ಕಂಡರೆ ಸಾಕು, ಗೊಣಗುತ್ತದೆ. ಬಿಳಿ ಮೇಕೆ ಎರಡು ಮರಿ ಹಾಕಿದೆ. ನಿಮ್ಮಪ್ಪನೂ ಇದ್ದಾರೆ. ಅವರ ಸಮಾಚಾರ ಹೇಳುವುದಕ್ಕೇ ಈ ಕಾಗದ, ನಿಧಾನವಾಗಿ ಕೂತು ಓದು.

ಎಂಜಿನ್ ಅವರಿಗೂ ಕೈಕೊಟ್ಟಿತು ಕಣೋ. ಹೌದು, ಅವರ ಕೈಯಲ್ಲೇ. ಓದಿ ನಗಬೇಡ, ಅಥವಾ ನಗು, ಅಲ್ಲಿ ನೋಡುವವರು ಯಾರಿದ್ದಾರೆ. ಆವತ್ತು ದೋಣಿಕಟ್ಟೆಯ ಮೇಲೆ ನಿಂತವರೆಲ್ಲರ ಮುಂದೆ ಅವರು ನಿನಗೆ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. ಗಾಳಿ ಎದ್ದಿತು ಅಂತ ನೀನು ಜೋರಾಗಿ ಓಡಿಸಿಕೊಂಡು ಬಂದಿದ್ದೆ, ಎಂಜಿನ್ ಪೆಟ್ಟಿಗೆಯಿಂದ ಹಬೆ ಬರುತ್ತಿತ್ತು. ಪಕ್ಕದ ಕೊಳವೆಯಿಂದ ಹೊರಗೆ ಬೀಳುವ ನೀರು ಸಣ್ಣಗಿದೆ ಅಪ್ಪಾ, ತಣ್ಣೀರು ಒಳಗೆ ಸಾಲುತ್ತಿಲ್ಲ, ಅಂತ ನೀನು ಹೇಳಿದೆ. ಅದಕ್ಕೆ ಅವರು, "ನೀರು ಕಮ್ಮಿ ಇಲ್ಲ ಕಣೋ, ನಿನ್ನ ತಾಳ್ಮೆ ಕಮ್ಮಿ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನ್ನ ಕೈಯಲ್ಲಿ ಒಂದು ದಿನಾನಾದ್ರೂ ಬಿಸಿಯಾಗಿದೆಯಾ ಇದು?" ಅಂದರು. ಆಗಿರಲಿಲ್ಲ, ಅದೂ ನಿಜವೇ. ನೀನು ಓಡಿಸಿದಾಗಲೆಲ್ಲ ಆಗುತ್ತಿತ್ತು, ಅವರು ಓಡಿಸಿದರೆ ಆಗುತ್ತಿರಲಿಲ್ಲ. ಅದಕ್ಕೇ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಮಾರನೆಯ ದಿನ ನೀನು ಚೀಲ ಹೊತ್ತು ಆಚೆ ದಡಕ್ಕೆ ಹೋಗುವ ದೊಡ್ಡ ದೋಣಿ ಹತ್ತಿದೆ. ಈ ಚಳಿಗಾಲವಿಡೀ ಮನೆಯಲ್ಲಿ ನಿನ್ನ ಹೆಸರು ಹೇಳಿದವಳು ನಾನೊಬ್ಬಳೇ.

ಹೋದ ತಿಂಗಳು ಬಿರುಗಾಳಿ ಬಂತಲ್ಲ, ಆಗ ಮಹ್ದಿಯಾದ ಬೋಟುಗಳೆಲ್ಲ ನಮ್ಮ ಉತ್ತರದ ಮೂಲೆಯ ಮರೆಯಲ್ಲಿ ಲಂಗರು ಹಾಕಿದ್ದವಂತೆ. ನಿಮ್ಮದೂ ಇತ್ತು ಅಂತ ಪಕ್ಕದ ಮನೆಯ ಅಮ್ಮಾರ್ ಚಿಕ್ಕಪ್ಪ ಬಂದು ಹೇಳಿದ. ನಿಮ್ಮಪ್ಪ ಕೇಳಿಸದವರ ಹಾಗೆ ಬಲೆ ಹೊಲಿಯುತ್ತಲೇ ಇದ್ದರು. ಮಾರನೆಯ ಬೆಳಿಗ್ಗೆ ಗಾಳಿ ನಿಂತಿತು. ಆಕ್ಟೋಪಸ್ ಹಿಡಿಯಲು ಮುಳುಗಿಸಿಟ್ಟ ಮಡಕೆಗಳನ್ನು ಎತ್ತಿ ನೋಡಿ ಬರುತ್ತೇನೆ ಅಂತ ಹೊರಟರು. ಮಡಕೆ ನೋಡಲು ಹೋಗುವವರು ಒಗೆದ ಅಂಗಿ ಹಾಕಿಕೊಂಡು ಹೋಗುತ್ತಾರಾ, ನೀನೇ ಹೇಳು. ಕೆಂಪು ಟೋಪಿಯನ್ನೂ ಕೊಡವಿ ಇಟ್ಟುಕೊಂಡರು. ಅವರು ಹೋದ ಮೇಲೆ ನೋಡುತ್ತೇನೆ, ಹಗ್ಗದ ಮೇಲೆ ನಾನು ಒಣಗಲು ಹಾಕಿದ್ದ ಆಕ್ಟೋಪಸ್‌ಗಳಲ್ಲಿ ದಪ್ಪನೆಯವೆಲ್ಲ ಮಾಯ. ಬೆಕ್ಕಿಗೆ ಬೈದೆ, ಪಾಪ.

ಮಧ್ಯಾಹ್ನದ ಹೊತ್ತಿಗೆ ಅಮ್ಮಾರ್ ತನ್ನ ದೋಣಿಗೆ ಹಗ್ಗ ಕಟ್ಟಿ ನಮ್ಮ ದೋಣಿಯನ್ನು ಎಳೆದುಕೊಂಡು ಬಂದ. ನಿಮ್ಮಪ್ಪ ಅದರಲ್ಲಿ ಟೋಪಿ ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದರು, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ. ಎಲ್ಲಿ ಸಿಕ್ಕಿದರು ಅಂತ ಅಮ್ಮಾರನನ್ನು ಆಮೇಲೆ ಬೇಲಿಯ ಹತ್ತಿರ ಕೇಳಿದೆ. ಮಡಕೆಗಳು ಇರುವುದು ದಕ್ಷಿಣಕ್ಕೆ, ಇವರು ಸಿಕ್ಕಿದ್ದು ಉತ್ತರಕ್ಕೆ. ಜನ್ಮದಲ್ಲಿ ಅರ್ಧಕ್ಕಿಂತ ಜೋರು ಮಾಡದ ಮನುಷ್ಯ ಆವತ್ತು ಎಂಜಿನ್ನಿನ ಕಿವಿ ಹಿಂಡಿ ಓಡಿಸಿದ್ದರಂತೆ. ಹಬೆ ಎದ್ದು ಎಂಜಿನ್ ನಿಂತುಬಿಟ್ಟಿತಂತೆ. ನಿಮ್ಮ ಬೋಟುಗಳು ಆಗಲೇ ಲಂಗರು ಎತ್ತಿ ಹೊರಟಿದ್ದವು, ಅವರು ಒಣಗಿದ ಆಕ್ಟೋಪಸ್ ಗಂಟನ್ನು ಕಾಲ ಬಳಿ ಇಟ್ಟು, ನಿಂತುಕೊಂಡು ಟೋಪಿ ಬೀಸುತ್ತಿದ್ದರು ಅಂತ ಅಮ್ಮಾರ್ ಹೇಳಿದ. ಅಷ್ಟು ದೂರಕ್ಕೆ ಟೋಪಿ ಯಾರಿಗೆ ಕಾಣುತ್ತದೆ? ನಾನು ಒಳಗೆ ಹೋಗಿ ಸ್ವಲ್ಪ ಅತ್ತೆ, ಆಮೇಲೆ ಮುಖ ತೊಳೆದು ಊಟಕ್ಕೆ ಬಡಿಸಿದೆ. ಮಡಕೆಗಳಲ್ಲಿ ಏನೂ ಬಿದ್ದಿರಲಿಲ್ಲ ಅಂದರು. ನಾನು ಹೂಂ ಅಂದೆ.

ಅಲ್ಲಿಂದ ಶುರುವಾಯಿತು ನೋಡು ನನ್ನ ಅಡುಗೆಮನೆಯ ಗ್ರಹಚಾರ. ಮೊದಲು ನೀರು ಎಳೆಯುವ ಪಂಪು ಬಿಚ್ಚಿ ಅದರ ರಬ್ಬರ್ ರೆಕ್ಕೆಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು, ಒಂದೂ ಹರಿದಿರಲಿಲ್ಲ. ಆಮೇಲೆ ಬಿಸಿಯಾದಾಗ ತಾನೇ ಬಾಯಿ ತೆರೆದು ನೀರು ಬಿಡುವ ಆ ಹಿತ್ತಾಳೆ ಬಿಲ್ಲೆ ಇದೆಯಲ್ಲ, ಅದನ್ನು ದಾರಕ್ಕೆ ಕಟ್ಟಿ ನನ್ನ ಕುಸ್‌ಕುಸ್ ಪಾತ್ರೆಯಲ್ಲಿ ಇಳಿಬಿಟ್ಟು ಕುದಿಸಿದರು. ನಾನು ಬಂದು ನೋಡಿದರೆ ಒಲೆ ಮುಂದೆ ಕೂತು, ಮೊಟ್ಟೆ ಒಡೆದು ಮರಿ ಬರುವುದನ್ನು ಕಾಯುವವರ ಹಾಗೆ ಪಾತ್ರೆಯೊಳಗೆ ಬಗ್ಗಿದ್ದಾರೆ. ಅದು ಬಾಯಿ ತೆರೆಯಿತು, ಅದರದ್ದೂ ತಪ್ಪಿಲ್ಲ. ಪಾತ್ರೆಗೆ ಡೀಸೆಲ್ ವಾಸನೆ ಹಿಡಿದು ಇನ್ನೂ ಬಿಟ್ಟಿಲ್ಲ. ಮೂರನೆಯದಾಗಿ ಒಳಗೆ ಉಪ್ಪು ಕಟ್ಟಿರಬೇಕು ಅಂತ ನನ್ನ ವಿನೆಗರ್ ಅಷ್ಟನ್ನೂ ಎಂಜಿನ್ನಿಗೆ ಕುಡಿಸಿದರು. ಈ ವರ್ಷ ಮನೆಯಲ್ಲಿ ಉಪ್ಪಿನಕಾಯಿ ಇಲ್ಲ, ಎಂಜಿನ್ನಿನ ಹೊಟ್ಟೆ ಮಾತ್ರ ಫಳಫಳ. ಇಷ್ಟಾದರೂ ನಿಧಾನ ಓಡಿಸಿದರೆ ಹಸುವಿನ ಹಾಗೆ ಹೋಗುತ್ತಿತ್ತು, ಜೋರು ಮಾಡಿದರೆ ಕುದಿಯುತ್ತಿತ್ತು.

ಒಂದು ದಿನ ನಾನು ಬುತ್ತಿ ತೆಗೆದುಕೊಂಡು ಕಟ್ಟೆಗೆ ಹೋಗಿದ್ದೆ. ದೋಣಿಯನ್ನು ಕಟ್ಟಿಹಾಕಿದ್ದ ಹಾಗೆಯೇ ಎಂಜಿನ್ ಜೋರು ಮಾಡಿ, ನಿಮ್ಮಪ್ಪ ಅಂಚಿನಿಂದ ಬಗ್ಗಿ ಕೊಳವೆಯ ನೀರನ್ನೇ ನೋಡುತ್ತಿದ್ದರು. ಒಳಗೆ ನೀರು ಬರುವ ರಬ್ಬರ್ ಪೈಪು ಯಾರೋ ಹೀರಿದ ಹಾಗೆ ಚಪ್ಪಟೆಯಾಗುತ್ತಿತ್ತಂತೆ. ಅಮ್ಮಾರನನ್ನು ಕರೆದು, "ನೋಡೋ, ನೀರು ಸಣ್ಣ ಆಗ್ತಿದೆ, ಒಳಗೆ ಸಾಲ್ತಿಲ್ಲ" ಅಂದರು. ಅಂದವರೇ ತಲೆ ಎತ್ತಿದರು, ನಾನು ಅಲ್ಲೇ ನಿಂತಿದ್ದೆ. ರೊಟ್ಟಿಯ ಗಂಟು ಕೊಟ್ಟು ಬಂದೆ.

ಆವತ್ತೇ ಸಂಜೆ ನಾಲ್ಕು ಜನ ಸೇರಿ ದೋಣಿಯನ್ನು ದಡಕ್ಕೆ ಎಳೆದರು. ನಿಮ್ಮಪ್ಪ ಗೋಣಿ ಹಾಸಿ ದೋಣಿಯ ಕೆಳಗೆ ಅಂಗಾತ ಮಲಗಿ ದಬ್ಬಳದಿಂದ ಕೆರೆಯುತ್ತಾ ಹೋದರು. ಸಮುದ್ರದ ನೀರು ಒಳಗೆ ಬರುವ ಕಡೆ ತೂತು ತೂತಿನ ತಾಮ್ರದ ಜಾಲರಿ ಇದೆಯಲ್ಲ, ಅದು ಇರುವುದೇ ಗೊತ್ತಾಗದ ಹಾಗೆ ಬಣ್ಣ ಕೂತುಬಿಟ್ಟಿತ್ತು. ಪ್ರತಿ ವಸಂತಕ್ಕೂ ತಳಕ್ಕೆ ಬಣ್ಣ ಹಚ್ಚುವವರು ಯಾರು? ಬ್ರಶ್ ಮುಟ್ಟಲು ಯಾರಿಗೂ ಬಿಡದವರು ಯಾರು? ಹನಿ ಬೀಳಿಸುತ್ತೀಯ ಅಂತ ನಿನ್ನನ್ನು ದೂರ ಓಡಿಸಿ, ಒಂದರ ಮೇಲೊಂದು ಮೂರು ಸಲ ದಪ್ಪಗೆ ಬಳಿದು, ಊರಲ್ಲಿ ಇಂಥ ತಳ ಇನ್ನೊಂದಿಲ್ಲ ಅಂತ ಮೆರೆದವರು ಯಾರು? ನಿಧಾನಕ್ಕೆ ಹೋಗುವವರಿಗೆ ಸಾಕಾಗುವಷ್ಟು ನೀರು ಹೇಗೋ ಒಳಗೆ ಜಿನುಗುತ್ತಿತ್ತು. ಜೋರಾಗಿ ಹೋಗುವವನಿಗೆ ಸಾಲುತ್ತಿರಲಿಲ್ಲ. ಜಾಲರಿಯಿಂದ ಬೆರಳಗಲದ ಚಕ್ಕೆಯೊಂದು ಎದ್ದು ಬಂತು, ಕೆಂಪು, ಹಸಿರು, ಮತ್ತೆ ಕೆಂಪು, ಈರುಳ್ಳಿಯ ಹಾಗೆ ಪದರ ಪದರ. ಒಂದು ಪದರ ನೀನು ಹಸಿರು ಬೇಕು ಅಂತ ಹಟ ಹಿಡಿದ ವರ್ಷದ್ದು, ನನಗೆ ಗುರುತು ಸಿಕ್ಕಿತು. ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಮರಳಿನ ಮೇಲೆ ಕೂತರು. ಅಮ್ಮಾರನಿಗೆ ಏನೋ ಹೇಳಬೇಕು ಅನ್ನಿಸಿತ್ತು, ನಾನು ಕಣ್ಣಲ್ಲೇ ಗದರಿದೆ. ಆ ಚಕ್ಕೆ ಈಗ ನಮ್ಮ ಕಿಟಕಿಯ ಮೇಲಿದೆ, ಎಸೆಯಲು ಹೋದರೆ ಬೇಡ ಅನ್ನುತ್ತಾರೆ.

ಜಾಲರಿಯ ತೂತುಗಳನ್ನೆಲ್ಲ ಬಿಡಿಸಿ ತೊಳೆದು ದಿನಗಳಾದವು. ಹೊಸ ಬಣ್ಣದ ಡಬ್ಬವೂ ಬಂದಿದೆ, ಮುಚ್ಚಳ ತೆಗೆದಿಲ್ಲ. ದೋಣಿ ದಡದ ಮೇಲೇ ಕೂತಿದೆ. ಊರವರೆಲ್ಲ ಮಡಕೆ ಎತ್ತುತ್ತಿದ್ದಾರೆ, ಇವರು ದಿನಾ ಹೋಗಿ ದೋಣಿಯ ಪಕ್ಕ ಕೂತು ಬರುತ್ತಾರೆ. ಯಾಕೆ ಅಂತ ಕೇಳಿದರೆ ಮಂಡಿ ನೋವು ಅನ್ನುತ್ತಾರೆ. ಮಂಡಿ ನೋವು ನನಗೆ ಕಣೋ, ಅವರಿಗಲ್ಲ. ನಿನ್ನನ್ನು ಬಾ ಅಂತ ನಾನು ಕರೆಯುವುದಿಲ್ಲ, ಅವರು ನಿನ್ನ ಮನಸ್ಸು ನೋಯಿಸಿದ್ದು ನನಗೆ ಗೊತ್ತು. ಆದರೆ ನಿನ್ನ ನೆನಪು ತುಂಬಾ ಆಗುತ್ತದೆ ಮಗನೇ.

ನಿಮ್ಮ ಬೋಟಿನ ನಾಯಕನಿಗೂ ಆ ಸಪ್ಪೆ ಅಡುಗೆಯವನಿಗೂ ನನ್ನ ಸಲಾಂ ಹೇಳು. ದೇವರು ನಿನ್ನ ಮುಂದಿನ ನೀರನ್ನು ಶಾಂತವಾಗಿಡಲಿ, ಬೆನ್ನಿಗೆ ಒಳ್ಳೆಯ ಗಾಳಿ ಕೊಡಲಿ.

ನಿನ್ನನ್ನು ಹೆತ್ತವಳು,
ಸಾಲ್ಹಾ

ತಾ.ಕ.: ಅಮ್ಮಾರ್ ಕಾಗದಕ್ಕೆ ಕಾಯುತ್ತಾ ಬಾಗಿಲಲ್ಲಿದ್ದಾನೆ, ದೊಡ್ಡ ದೋಣಿ ಹೊರಡುವ ಹೊತ್ತು, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆ ಮುಚ್ಚುವಾಗ ನಿಮ್ಮಪ್ಪ ಬಂದರು. ಯಾರಿಗೆ ಅಂತ ಕೇಳಲಿಲ್ಲ. ಕಿಟಕಿಯ ಮೇಲಿದ್ದ ಚಕ್ಕೆಯನ್ನು ತಂದು ಅವರೇ ಒಳಗೆ ಹಾಕಿದರು, ಬಿಚ್ಚುವಾಗ ಹುಷಾರು, ಬೀಳಿಸಬೇಡ. ಏನಂತ ಬರೆಯಲಿ ಅಂದೆ. "ನೀರು ಕಮ್ಮೀನೇ ಇತ್ತು ಅಂತ ಬರಿ. ಈ ಸಲ ಬಣ್ಣ ಅವನೇ ಹಚ್ಚಲಿ, ಹನಿ ಬಿದ್ರೆ ಬೀಳಲಿ. ಅವನು ಬರೋವರೆಗೂ ದೋಣಿ ನೀರಿಗಿಳಿಸಲ್ಲ ಅಂತ ಬರಿ" ಅಂದು ಹೊರಟುಹೋದರು. ಅವರ ಹಟ ನಿನಗೆ ಗೊತ್ತಲ್ಲ. ಮಡಕೆ ಎತ್ತುವ ಕಾಲ ಮುಗಿಯುವುದರೊಳಗೆ ಬಾರೋ.