ಎದುರು ಟ್ಯೂಬಿನ ನೀರು

ಮಾರ್ಚ್ ೧೮, ಮಂಗಳವಾರ

ಸಮಸ್ತ ಪಿಪೆಟ್‌ಗಳ ಒಡತಿ, ಅಳತೆ ತಪ್ಪಿದವರ ಪಾಲಿನ ಸಿಡಿಲು, ದೊಡ್ಡ ಯಂತ್ರವಿರುವ ದೊಡ್ಡ ಪ್ರಯೋಗಾಲಯದಲ್ಲಿ ವಿರಾಜಮಾನಳಾಗಿರುವ ನನ್ನ ಅಕ್ಕನ ದಿವ್ಯ ಸನ್ನಿಧಾನಕ್ಕೆ ಸಣ್ಣ ಯಂತ್ರದ ಕಾವಲುಗಾರನಾದ ತಮ್ಮನ ಸಾಷ್ಟಾಂಗ ನಮಸ್ಕಾರಗಳು.

ಪತ್ರ ತಡವಾಯಿತು. ಬೈಯಬೇಡ. ಬೈದರೂ ಉದ್ದವಾಗಿ ಬೈದು ಬರೆ.

ಡಂಗುರ ಸಾರಿಸು: ಎಕ್ಸೋಸೋಮ್‌ಗಳು ಸಿಕ್ಕವು! "ಅತಿವೇಗದಲ್ಲಿ ತಿರುಗೋ ಯಂತ್ರ ಇಲ್ದೆ ಇದು ಆಗೋ ಕೆಲಸ ಅಲ್ಲ ಕಣೋ" ಎಂದು ನೀನು ಪೆಟ್ಟಿಗೆ ಕಟ್ಟಿಕೊಂಡು ಹೊರಟೆಯಲ್ಲ, ಜೀವಕೋಶಗಳು ಹೊರಗೆ ಬಿಡುವ ಅದೇ ಪುಟ್ಟ ಗುಳ್ಳೆಗಳು. ಮಾಂಸದಂಗಡಿಯಿಂದ ತಂದ ಕುರಿಯ ಲಿವರನ್ನು ಮಂಜುಗಡ್ಡೆಯ ಮೇಲಿಟ್ಟು ಸಣ್ಣಗೆ ಕೊಚ್ಚಿದೆ. ಕಿಣ್ವದ ನೀರಿನಲ್ಲಿ ಬೆಚ್ಚಗೆ ನೆನೆಸಿ, ಸೋಸಿ, ನಮ್ಮ ಮುದಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕೋಶ, ಚೂರುಪಾರುಗಳನ್ನೆಲ್ಲ ತಳಕ್ಕಿಳಿಸಿದೆ. ಮೇಲಿನ ತಿಳಿಗೆ, ಗುಳ್ಳೆಗಳು ಒಟ್ಟುಗೂಡಿ ತಳಕ್ಕಿಳಿಯಲೆಂದು, ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಮತ್ತೆ ತಿರುಗಿಸಿದರೆ, ತಳದಲ್ಲಿ ಬಿಳಿ ಮಸುಕು!

ನಮ್ಮ ಪ್ರಯೋಗಾಲಯದ ಸರ್ ಕನ್ನಡಕ ಏರಿಸಿಕೊಂಡು, "ಬರೀ ಪ್ರೋಟೀನ್ ಕಸ ಇರ್ಬೇಕು ಕಣಯ್ಯ" ಅಂದರು. ಹೊರಗೆ ಕಳಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆಸಿದ ಮೇಲೆ ಕನ್ನಡಕ ಇಳಿಸಿ ಒಪ್ಪಿಕೊಂಡರು. ಆ ಫೋಟೋ ಜೊತೆಗಿಟ್ಟಿದ್ದೇನೆ. ದುಂಡುದುಂಡಗೆ ಎಷ್ಟು ಮುದ್ದಾಗಿವೆ ನೋಡು.

ಟ್ಯೂಬಿನ ಎದುರಿಗೆ ಅಷ್ಟೇ ತೂಕದ ಇನ್ನೊಂದು ಟ್ಯೂಬ್ ಇಡದಿದ್ದರೆ ನಮ್ಮ ಯಂತ್ರ ಕುಣಿದು ಮೇಜಿನಿಂದ ಇಳಿಯಲು ನೋಡುತ್ತದೆ, ನಿನಗೆ ಗೊತ್ತಲ್ಲ. ಮೊದಲು ನನ್ನದರ ಎದುರಿಗೆ ನಿನ್ನದಿರುತ್ತಿತ್ತು. ಈಗ ಬರೀ ನೀರು ತುಂಬಿ ಇಡುತ್ತೇನೆ. ಅದರ ಮುಚ್ಚಳದ ಮೇಲೆ 'ಅಕ್ಕ' ಎಂದು ಬರೆದಿದ್ದೇನೆ. "ಇದೇನಯ್ಯ ಇದು?" ಎಂದು ಸರ್ ಕೇಳಿದರು. "ಇದು ಇಲ್ದಿದ್ರೆ ನಾನು ನೆಟ್ಟಗೆ ತಿರುಗಲ್ಲ ಸರ್" ಅಂದೆ. ಯಂತ್ರದ ಬಗ್ಗೆ ಹೇಳುತ್ತಿದ್ದೇನೆ ಎಂದುಕೊಂಡು ತಲೆಯಾಡಿಸಿದರು.

ಅಮ್ಮನಿಗೆ ಗುಳ್ಳೆಗಳ ಚಿಂತೆಯಿಲ್ಲ. "ಹಾಗಾದ್ರೆ ಆ ದೊಡ್ಡ ಯಂತ್ರ ಬೇಡ ಅಂತಾಯ್ತಲ್ಲ. ಅವಳು ಯಾವಾಗ ಬರ್ತಾಳಂತೆ?" ಎಂದು ಕೇಳಿದಳು. ನಾನು ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ಎದ್ದುಹೋದೆ. ಎಂದೂ ಪಾತ್ರೆ ಮುಟ್ಟದ ನಾನು ತೊಳೆದದ್ದು ಕಂಡು ಅವಳಿಗೆ ಅನುಮಾನ ಬಂದಿದೆ.

ನಿನ್ನ ಯಂತ್ರ ಅಲುಗಾಡದೆ ನೂರು ಕಾಲ ತಿರುಗಲಿ ಎಂದು, ಚಿಕ್ಕವನಾದರೂ ಹರಸುವ,

ನಿನ್ನ ಕೋತಿ

ಮರೆತಿದ್ದೆ: ಫೋಟೋದ ಮೂಲೆಯಲ್ಲಿ ತಾರೀಖಿದೆ, ನೋಡಬೇಡ. ನೀನು ನೋಡಿಯೇ ನೋಡುತ್ತೀಯ. ಡಿಸೆಂಬರ್. ಅದಾದ ಮೇಲೆ ಪ್ರಯೋಗ ಕೆಟ್ಟಿತೆಂದು ನಿನಗೆ ಬರೆದ ನಾಲ್ಕು ಸೋಲುಗಳೂ ನಾನು ಕಟ್ಟಿದ ಕಥೆ. ಸೋತೆ ಎಂದರೆ ನೀನು ನಾಲ್ಕು ಪುಟ ಬರೆಯುತ್ತಿದ್ದೆ. ಇನ್ನು ಹೊಸ ಸೋಲು ಹೊಳೆಯುತ್ತಿಲ್ಲ, ಅಕ್ಕ.