ಚಳಿಗಾಲದ ಅರವಟ್ಟಿಗೆ

೯-೧೧-೬೪, ಸೋಮವಾರ. ನ್ಯೂ ಟೌನ್, ಭದ್ರಾವತಿ

ಹಾಲು ಕಾಯಿಸಿದ್ದಾಯಿತು. ತಮ್ಮ ಉಜ್ಜನಪ್ಪ ಕಾರ್ಖಾನೆಯ ಫಸ್ಟ್ ಶಿಫ್ಟಿಗೆ ಹೋದ. ನಮ್ಮ ಯಜಮಾನರು ಕಿಟಕಿ ಪಕ್ಕದ ಕುರ್ಚಿಯಲ್ಲಿ — ಬರ್ಮಾದಿಂದ ಬಂದಾಗಿನಿಂದ ಅದೇ ಕುರ್ಚಿ. ಅಲ್ಲಿ ಮರದ ಮಿಲ್ಲು ಸರ್ಕಾರದ್ದಾಯಿತು, ಕೆಲಸ ಹೋಯಿತು, ಹಡಗು ಹತ್ತಿದೆವು. ಶಿವಮೊಗ್ಗದ ಸಾಮಿಲ್ಲಿನವರು ಕೆಲಸಕ್ಕೆ ಕರೆದಿದ್ದಾರೆ. ಸಂಕ್ರಾಂತಿ ಕಳೆಯುವವರೆಗೆ ಕಾಯುತ್ತಾರಂತೆ. ಇವರು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ.

ನನ್ನ ಬಾಯಿ ಮಾತ್ರ ಸುಮ್ಮನಿರದು. ಇವತ್ತೂ ಶುರು — ರಂಗೂನಿನಲ್ಲಿ ಹೆಂಗಸರೇ ಅಂಗಡಿ ನಡೆಸುತ್ತಿದ್ದರು, ಅಲ್ಲಿಯ ಅಕ್ಕಿ ಹೀಗೆ, ಅಲ್ಲಿಯ ರಸ್ತೆ ಹಾಗೆ... ತಮ್ಮನ ಹೆಂಡತಿ ದಾಕ್ಷಾಯಣಿ ರೊಟ್ಟಿ ತಟ್ಟುತ್ತಲೇ ಕೇಳಿದಳು: "ಅಕ್ಕಾ, ಇಲ್ಲಿ ಒಂದಾದ್ರೂ ಚೆನ್ನಾಗಿದೆಯಾ ಹೇಳಿ."

ನಾಚಿಕೆಯಾಯಿತು. ರಂಗೂನಿನ ಪಕ್ಕದ ಮನೆಯ ಮಾ ಖಿನ್ ಕೂಡ ಇದನ್ನೇ ಕೇಳುತ್ತಿದ್ದಳು. ಅಲ್ಲಿ ನನ್ನ ಬಾಯಲ್ಲಿ ಬರೀ ಶಿವಮೊಗ್ಗ, ತುಂಗೆಯ ನೀರಿನ ರುಚಿ.

೧೫-೧೧-೬೪, ಭಾನುವಾರ

ಇವರು ತಾವಾಗಿಯೇ ಎದ್ದು ಹೋಗಿ ಹೊಸ ಮಡಕೆ ತಂದರು. ಗೇಟಿನ ಹೊರಗೆ ಇಟ್ಟಿಗೆ ಜೋಡಿಸಿ ಕೂರಿಸಿದರು. ಬರ್ಮಾದಲ್ಲಿ ವರ್ಷವಿಡೀ ಹೀಗೆ ದಾರಿಹೋಕರಿಗೆ ನೀರಿಡುತ್ತಾರೆ. ನಮ್ಮ ಮನೆ ಮುಂದೂ ಇತ್ತು, ಇವರೇ ತುಂಬುತ್ತಿದ್ದರು. ಅಲ್ಲಿಯಂತೆ ಒಂದು ಹೂ ಇರಲೆಂದು ಸೇವಂತಿಗೆ ಕೊಟ್ಟೆ.

೧೭-೧೧-೬೪

ಶಿಫ್ಟ್ ಬಿಟ್ಟ ಜನ ರಸ್ತೆಯ ಆಚೆ ಬದಿಗೆ ಸರಿದು ಹೋಗುತ್ತಾರೆ. ಎದುರುಮನೆ ಕರಿಬಸಮ್ಮ ಬಂದು, ಯಾರಿಗೆ ನಿವಾಳಿಸಿ ಇಟ್ಟಿದ್ದೀರಿ ಎಂದು ಮೆಲ್ಲಗೆ ಕೇಳಿದಳು. ಅರವಟ್ಟಿಗೆ ಬೇಸಿಗೆಗೆ ತಾನೆ? ಕಾರ್ತಿಕದ ಚಳಿಯಲ್ಲಿ ದಾರಿಬದಿ ಹೊಸ ಮಡಕೆ, ಮೇಲೆ ಹೂ... ಮಾಟವೆಂದು ತಿಳಿದಿದ್ದಾರೆ!

ಇವರಿಗೆ ಹೇಳಿದೆ. ಕುರ್ಚಿಗೆ ಮರಳಿದರು. "ನೀರಿಗೂ ಹೆದರೋ ಊರಲ್ಲಿ ನಾನೇನು ಮಾಡ್ಲಿ, ಶಂಕರಿ?" ಬಂದಾಗಿನಿಂದ ಇಷ್ಟುದ್ದ ಮಾತಾಡಿರಲಿಲ್ಲ. ಬಚ್ಚಲಿಗೆ ಹೋಗಿ ಅತ್ತೆ.

೧೨-೧-೬೫, ಮಂಗಳವಾರ

ಬರೆಯಲು ಮನಸ್ಸೇ ಇರಲಿಲ್ಲ. ಇವರು ದಿನಾ ಹಳೇ ನೀರನ್ನು ಗಿಡಕ್ಕೆ ಚೆಲ್ಲಿ ಹೊಸದು ತುಂಬುತ್ತಾರೆ. ಯಾರೂ ಮುಟ್ಟುವುದಿಲ್ಲ. ನಾಳಿದ್ದು ಸಂಕ್ರಾಂತಿ. ಸಾಮಿಲ್ಲಿನ ಮಾತೇ ಇಲ್ಲ.

ಇವತ್ತು ಶಿಫ್ಟಿನ ಕೂಗು ಆಗುತ್ತಲೇ ದಾಕ್ಷಾಯಣಿ ಒಲೆ ಬಿಟ್ಟು ಎದ್ದಳು. ಹೂ ತೆಗೆದಳು, ತಟ್ಟೆ ಮುಚ್ಚಿ ಲೋಟ ಇಟ್ಟಳು. ಜನ ಬರುವ ಹೊತ್ತಿಗೆ ನಡುರಸ್ತೆಗೆ ಕಾಣುವಂತೆ ನಿಂತು ಗಟಗಟನೆ ಕುಡಿದಳು. "ಮಾಟ ಅಲ್ಲ ಮಾರಾಯ್ತಿ, ನೀರು. ನಮ್ಮ ಭಾವ ಇಟ್ಟಿದ್ದು," ಎಂದಳು ಕರಿಬಸಮ್ಮನಿಗೆ.

ನನ್ನ ರಂಗೂನ್ ಪುರಾಣ ಕೇಳಿ ಬೇಸತ್ತವಳು ಇವಳೇ. ಇವಳ ಋಣ ಹೇಗೆ ತೀರಿಸಲಿ.

೧೩-೧-೬೫, ಸಂಜೆ

ಕುರ್ಚಿ ಖಾಲಿ. ಇವರು ಗೇಟಿನ ಹತ್ತಿರ. ಶಿಫ್ಟ್ ಬಿಟ್ಟು ಬಂದ ತಮಿಳಿನವನೊಬ್ಬ ನೀರು ಕುಡಿದು ಹಿಂದಿನವನಿಗೆ ಲೋಟ ದಾಟಿಸಿದ. ಮತ್ತೊಬ್ಬ ನಿಂತ. ಇವರ ನಗು ಇಲ್ಲಿಗೇ ಕೇಳಿಸುತ್ತಿದೆ — ಎಷ್ಟು ತಿಂಗಳಾಗಿತ್ತು ಕೇಳಿ. ಹಬ್ಬದ ಮಾರನೇ ದಿನ ಶಿವಮೊಗ್ಗಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಉಜ್ಜನಪ್ಪನನ್ನು ಕೇಳಿದರಂತೆ.

ಮಾ ಖಿನ್ ನೋಡಬೇಕಿತ್ತು. ಎಲ್ಲಿದ್ದಾಳೋ. ಸಿಕ್ಕರೆ ಹೇಳುತ್ತೇನೆ, ನಮ್ಮ ಭದ್ರಾವತಿಯಲ್ಲಿ —

ಇವರು ಕೂಗುತ್ತಿದ್ದಾರೆ. "ಶಂಕರೀ, ಮಡಕೆ ಖಾಲಿ. ನೀರು ತಗೊಂಡು ಬಾರೇ."

ಬಂದೆ —